ಹೆಸರ ತಗದ ಬಿಡ್ರಿ

ಯಂತ್ರಕ್ಕೆ ಕನಿಕರವಿಲ್ಲ ಎಂದು ಜನ ಬೈಯುವುದುಂಟು. ಪಾಪ, ಅದು ಹೇಳಿದ್ದನ್ನು ಹೇಳಿದಂತೆ ಮಾಡುವ ಪ್ರಾಣಿ. ಕನಿಕರ ಇರಬೇಕಾದದ್ದು ಹೇಳುವವರಿಗೆ. ವಿಜಯಪುರದ ಜಲನಗರದಲ್ಲಿ ಒಂದು ಔಷಧ ಅಂಗಡಿಯ ಮಾಳಿಗೆ ಮೇಲೆ ಕೂತು ಅದಕ್ಕೆ ಹೇಳುವ ಕೆಲಸ ಅನುರಾಧಾಳದು. ಸತೀಶಕುಮಾರನೆಂಬ ಯಜಮಾನ, ಇಬ್ಬರು ಮೂವರು ಕೆಲಸಗಾರರು, ಒಂದು ಇನ್ವರ್ಟರ್, ಇಷ್ಟು ಆ ಕಂಪನಿ. ಅವರ ದೊಡ್ಡ ಗಿರಾಕಿ ಊರೊಳಗಿನ ಒಂದು ಹೆರಿಗೆ ಆಸ್ಪತ್ರೆ. ಅದಕ್ಕೆ ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ಸಣ್ಣ ಶಾಖೆ. ಬಸುರಿ ಹೆಂಗಸು ಈ ಮೂರರಲ್ಲಿ ಎಲ್ಲಿ ಕಾಲಿಟ್ಟರೂ ಅವಳ ಹೆಸರು ಅನುರಾಧಾ ಬರೆದ ಸಾಫ್ಟ್‌ವೇರಿನೊಳಗೆ ಹೋಗಿ ಕೂರುತ್ತಿತ್ತು.

ಒಳಗೆ ಇರುವುದು ಬರೀ ಕೋಷ್ಟಕಗಳು. ತಾಯಂದಿರದೊಂದು, ಕೂಸುಗಳದೊಂದು, ಕೂಸುಗಳ ತಪಾಸಣೆಯದು ಇನ್ನೊಂದು. ಈಗಿನ ಕಾಲದಲ್ಲಿ ಕೋಷ್ಟಕಗಳ ಜೊತೆ ಯಾರೂ ನೇರ ಮಾತಾಡುವುದಿಲ್ಲ. ನಡುವೆ ಓಆರ್‌ಎಂ ಎಂಬ ದಲ್ಲಾಳಿ ಇರುತ್ತಾನೆ. 'ಈ ತಾಯಿಯ ಕೂಸುಗಳನ್ನು ತಾ' ಎಂದರೆ ಸಾಕು, ಎಲ್ಲೆಲ್ಲಿಂದಲೋ ಜೋಡಿಸಿ ತಂದು ಮುಂದಿಡುತ್ತಾನೆ. ಅವನಿಗೆ ಸಂಬಂಧಗಳನ್ನು ಮಾತ್ರ ಮೊದಲೇ ಹೇಳಿಕೊಟ್ಟಿರಬೇಕು: ಯಾರು ಯಾರ ಕೂಸು, ತಾಯಿಯ ದಾಖಲೆ ತೆಗೆದುಹಾಕಿದರೆ ಕೂಸಿನದನ್ನು ಏನು ಮಾಡಬೇಕು. 'ಕೂಸಿರುವ ತಾಯಿಯನ್ನು ತೆಗೆಯಲು ಬಿಡಬೇಡ' ಎನ್ನಬಹುದು. 'ಕೂಸನ್ನು ತಬ್ಬಲಿಯಾಗಿ ಉಳಿಸು' ಎನ್ನಬಹುದು. ಇಲ್ಲವೇ 'ಅದನ್ನೂ ಜೊತೆಗೇ ಕಳಿಸು' ಎನ್ನಬಹುದು.

ಅನುರಾಧಾ ಆರಿಸಿದ್ದು ಕೊನೆಯದನ್ನು. ಅದಕ್ಕೆ ಕಾರಣವಿತ್ತು. ಮೊದಮೊದಲು ಪರೀಕ್ಷೆಗೆಂದು ಹಾಕಿದ ಸುಳ್ಳು ತಾಯಂದಿರನ್ನು ತೆಗೆದಾಗ ಅವರ ಸುಳ್ಳು ಕೂಸುಗಳು ಒಳಗೇ ಉಳಿದುಬಿಟ್ಟವು. ತಿಂಗಳ ವರದಿಯಲ್ಲಿ ಹೆತ್ತವರು ಕಡಿಮೆ, ಹುಟ್ಟಿದವು ಹೆಚ್ಚು. ಆಸ್ಪತ್ರೆಯ ಮಕ್ಕಳ ಡಾಕ್ಟರ್ ವಿದ್ಯಾಧೀಶ ಅವರು ಸಭೆಯಲ್ಲೇ, "ತಾಯಿ ಇಲ್ಲದ ಕೂಸು ಎಲ್ಲಿಂದ ಬಂದಾವ್ರಿ, ಸಂತ್ಯಾಗ ಸಿಕ್ಕಾವೇನು?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ಅನುರಾಧಾಳಿಗೆ ನಗು ಬರಲಿಲ್ಲ. ಅಂದೇ ಮಧ್ಯಾಹ್ನ ಬಂದು ಒಂದು ಸಾಲು ಬರೆದಳು: ತಾಯಿ ಹೋದರೆ ಕೂಸೂ ಹೋಗಲಿ. ಅಂದಿನಿಂದ ವರದಿ ಕನ್ನಡಿಯಂತೆ ಸ್ವಚ್ಛವಾಯಿತು.

ಪರದೆಯ ಮೇಲೆ ದಾಖಲೆ ಹೋಗಲಾಡಿಸುವ ಗುಂಡಿಯದೊಂದು ಬೇರೆ ಕಥೆ. ಕೌಂಟರಿನವರಿಗೆ ಕನ್ನಡದಲ್ಲೇ ಇರಲಿ ಎಂದು ಅನುರಾಧಾ ಮೊದಲು 'ಅಳಿಸು' ಎಂದು ಹಾಕಿದ್ದಳು. ಸತೀಶಕುಮಾರ ನೋಡಿ, "ಹೆರಿಗಿ ದವಾಖಾನ್ಯಾಗ ಅಳಿಸು ಅಂತ ಬರದ್ರ ಯಾರನ್ನ ಅಳಿಸೂದವಾ, ಕೂಸಿನ್ನೋ ತಾಯಿನ್ನೋ?" ಎಂದ. ಹೌದಲ್ಲ ಎನ್ನಿಸಿ ಅವಳು ಅದನ್ನು 'ತೆಗೆ' ಎಂದು ಬದಲಿಸಿದಳು. ಸೌಮ್ಯವಾದ ಮಾತು, ಮನೆಮಾತಿಗೂ ಹತ್ತಿರ. ಬಾಗಿಲು ತೆಗೆ, ಕಸ ತೆಗೆ, ಹೆಸರು ತೆಗೆ, ಯಾವುದಕ್ಕೂ ಒಪ್ಪುತ್ತದೆ. ಯಾವುದಕ್ಕೂ ಒಪ್ಪುವ ಮಾತು ಗುಂಡಿಯ ಮೇಲೆ ಇರಬಾರದೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಅದು ಹೊಳೆದದ್ದು ಒಂದು ಸೋಮವಾರ ಬೆಳಿಗ್ಗೆ.

ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದು ಹೊರಗಿನ ಒಂದು ಲ್ಯಾಬಿಗೆ ಕಳಿಸುವುದು ಆ ಆಸ್ಪತ್ರೆಯ ಪದ್ಧತಿ. ಲ್ಯಾಬಿನವರಿಗೆ ಹೆಸರು ಬೇಡ, ಕೂಸಿನ ಸಂಖ್ಯೆ ಸಾಕು. ಫಲಿತಾಂಶ ಅವರ ಯಂತ್ರದಿಂದ ಇವರ ಯಂತ್ರಕ್ಕೆ ತಾನೇ ಬಂದು ಸೇರುತ್ತದೆ. ಅಂದು ಒಂದು ಫಲಿತಾಂಶ ಬಂದಿತ್ತು, ಅನುರಾಧಾಳ ಸಾಫ್ಟ್‌ವೇರು 'ಇಂಥ ಕೂಸು ಇಲ್ಲ' ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿತ್ತು. ಲ್ಯಾಬಿನವರು ಆಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿನವರೂ ಪರದೆ ನೋಡಿ, ನಮ್ಮ ಕೂಸಲ್ಲ ಎಂದಿದ್ದರು. ಕೊನೆಗೆ ದೂರು ಅನುರಾಧಾಳ ಮೇಜಿಗೆ ಬಂತು. ಫಲಿತಾಂಶದ ಮುಂದೆ ಕೆಂಪು ಗುರುತಿತ್ತು.

"ಇಲ್ಲ ಅಂತೈತಿ ಅಂದ್ರ ಇಲ್ಲ ಬಿಡು. ಲ್ಯಾಬಿನವ್ರು ನಂಬರ ತಪ್ಪ ಹಾಕಿರಬೇಕು," ಎಂದ ಸತೀಶಕುಮಾರ, ಚಹಾ ಹೀರುತ್ತ.

ಅನುರಾಧಾ ಸಂಖ್ಯೆಗಳನ್ನು ನೋಡಿದಳು. ಹಿಂದಿನ ಕೂಸು ಇದೆ, ಮುಂದಿನ ಕೂಸೂ ಇದೆ, ನಡುವಿನದು ಮಾತ್ರ ಇಲ್ಲ. ಕೊಟ್ಟ ಸಂಖ್ಯೆಯನ್ನು ಯಂತ್ರ ಇನ್ನೊಬ್ಬರಿಗೆ ಕೊಡುವುದಿಲ್ಲ. ಅಂದರೆ ಈ ಕೂಸು ಹುಟ್ಟಿಯೇ ಇಲ್ಲ ಎಂದಲ್ಲ, ಇತ್ತು, ಹೋಗಿದೆ. ತಾನು ಬರೆದ ಆ ಸಾಲು ಅವಳಿಗೆ ನೆನಪಾಯಿತು.

ವಿದ್ಯಾಧೀಶರಿಗೆ ಫೋನ್ ಮಾಡಿ ಕೆಂಪು ಗುರುತಿನ ಅಂಕಿ ಓದಿ ಹೇಳಿದಳು. ಸಭೆಯಲ್ಲಿ ನಗಿಸಿದ್ದ ಮನುಷ್ಯ ಈಗ ನಗಲಿಲ್ಲ. "ಥೈರಾಯ್ಡ್ ಕೆಲಸ ಮಾಡವಲ್ದು ಅಂತ ಕಾಣತೈತಿ. ಗುಳಿಗಿ ಲಗೂನ ಸುರು ಮಾಡಿದ್ರ ಕೂಸು ಎಲ್ಲಾರಂಗ ಬೆಳೀತೈತಿ. ತಡಾ ಆದಷ್ಟು ಬುದ್ಧಿಗೆ ಪೆಟ್ಟು, ಆಮ್ಯಾಲ ಏನ ಕೊಟ್ರೂ ಅದು ತಿರುಗಿ ಬರೂದಿಲ್ಲ. ಯಾರ ಕೂಸು ಅದು?"

"ಹುಡುಕಾಕತ್ತೇನ್ರಿ," ಎಂದಳು ಅನುರಾಧಾ.

ಹಿಂದಿನ, ಮುಂದಿನ ಕೂಸುಗಳು ಹುಟ್ಟಿದ ದಿನದ ಬ್ಯಾಕಪ್ಪನ್ನು ಬೇರೆ ಜಾಗದಲ್ಲಿ ತೆರೆದಳು. ಕೂಸು ಅಲ್ಲಿತ್ತು. ಹೆಣ್ಣು. ತಾಯಿಯ ಹೆಸರು ಮಹಾನಂದಾ, ಊರು ತಿಕೋಟಾ, ಜೊತೆಗೊಂದು ಮೊಬೈಲ್ ನಂಬರು. ಸದ್ಯ ಸಿಕ್ಕಿತಲ್ಲ ಎಂದು ಉಸಿರು ಬಿಟ್ಟು ಆ ನಂಬರಿಗೆ ಫೋನ್ ಹಚ್ಚಿದಳು.

"ಮಹಾನಂದಾ ಅವರ ಮನಿಯವ್ರೇನ್ರಿ?"

"ಹೌದರಿ, ನಾನ ಅಮರಪ್ಪ, ನಿಡೋಣಿಯಿಂದ. ಆಕಿ ಗಂಡ," ಎಂದಿತು ದಪ್ಪ ದನಿ. "ಏನಾಗಬೇಕಾಗಿತ್ತು?"

"ಅವರ ಕೂಸಿಂದು ರಕ್ತದ ರಿಪೋರ್ಟ್ ಬಂದೈತ್ರಿ. ಕೂಸಿನ್ನ ಕರಕೊಂಡು ಲಗೂನ..."

ಆ ಕಡೆ ಗುಡುಗು ಶುರುವಾಯಿತು. "ಏನಬೇ ಯವ್ವಾ, ನನ್ನ ಹೇಣ್ತಿಗೆ ಮೊಮ್ಮಗಳ ಹುಟ್ಯಾಳ, ಈ ವಯಸ್ಸಿನ್ಯಾಗ ಆಕಿಗ್ಯಾವ ಕೂಸು? ಮದಲ ಮೆಸೇಜ್ ಕಳಿಸಿ ಊರಾಗ ನನ್ನ ಮಾನ ಕಳದ್ರಿ. ಈಗ ಫೋನ್ ಹಚ್ಚಿ ಓಟಿಪಿ ಕೇಳಾಕತ್ತೀರಿ?"

"ಓಟಿಪಿ ಅಲ್ರೀ..." ಎನ್ನುವಷ್ಟರಲ್ಲಿ ಕಟ್ ಆಯಿತು. ಮತ್ತೆ ಹಚ್ಚಿದರೆ ಹೋಗಲೇ ಇಲ್ಲ. ಅಮರಪ್ಪ ಅವಳ ನಂಬರಿಗೆ ಬೀಗ ಜಡಿದಿದ್ದ. ಸತೀಶಕುಮಾರನ ಫೋನಿನಿಂದ ಮಾಡಿದರೆ ಎತ್ತಲಿಲ್ಲ. ಮೋಸದ ಕರೆಗಳ ಈ ಕಾಲದಲ್ಲಿ ಅವನು ಮಾಡಿದ್ದು ಜಾಣತನವೇ, ಅದಕ್ಕೇನೂ ಅನ್ನುವಂತಿರಲಿಲ್ಲ.

ಯಾರು ಯಾವ ಗುಂಡಿ ಒತ್ತಿದರೆಂಬ ಹಳೆಯ ಜಾಡನ್ನು ಅನುರಾಧಾ ನೋಡಿದಳು. ಮಹಾನಂದಾಳ ದಾಖಲೆ ತೆಗೆದದ್ದು ಬಬಲೇಶ್ವರದ ಶಾಖೆಯ ಕೌಂಟರಿನಲ್ಲಿ. ಅಲ್ಲಿ ಕೂರುವವನು ಆಫ್ತಾಬ, ನಗುಮುಖದ ಹುಡುಗ, ಯಾರಿಗೂ ಇಲ್ಲ ಎನ್ನದವನು. ಫೋನಿನಲ್ಲಿ ಕೇಳಿದ ಕೂಡಲೇ ಅವನು ಕೌಂಟರಿನಲ್ಲಿ ತಾನು ಕೇಳಿಸಿಕೊಂಡ ಇಡೀ ಕಥೆ ಬಿಚ್ಚಿಟ್ಟ.

ಕಥೆ ಹೀಗಿತ್ತು. ನಿಡೋಣಿಯ ಅಮರಪ್ಪನ ಹೆಂಡತಿಯ ಹೆಸರು ಮಹಾನಂದಾ; ಊರ ಬಾಯಲ್ಲಿ ಮಹಾನಂದವ್ವ. ಅವರ ಮಗ ಸಂಗುವಿಗೆ ತಿಕೋಟಾದಿಂದ ತಂದ ಹುಡುಗಿಯ ಹೆಸರೂ ಮಹಾನಂದಾ. ಅತ್ತೆಗೂ ಸೊಸೆಗೂ ಒಂದೇ ಹೆಸರಾದರೆ ಆ ಮನೆಯಲ್ಲಿ ಸೊಸೆಯ ಹೆಸರು ಬದಲಾಗುತ್ತದೆ. ಅತ್ತೆಯ ಹೆಸರು ಹಿಡಿದು 'ಏ ಇಲ್ಲಿ ಬಾ, ಮುಸುರಿ ತಿಕ್ಕು' ಎಂದು ಕೂಗುವುದು ಯಾರಿಂದಾದೀತು? ಹೀಗಾಗಿ ಹುಡುಗಿ ಅಕ್ಕಿಕಾಳು ಬಿದ್ದ ಮದುವೆಯ ದಿನವೇ ಸೌಭಾಗ್ಯಳಾದಳು. ಬಸುರಿಯಾದಾಗ ಅತ್ತೆ ಬಬಲೇಶ್ವರಕ್ಕೆ ಕರೆದೊಯ್ದು ತೋರಿಸಿದ್ದು ಸೌಭಾಗ್ಯ ಎಂಬ ಹೆಸರಲ್ಲಿ. ಚೊಚ್ಚಲ ಹೆರಿಗೆ ತವರಿನದು. ತಿಕೋಟಾದಲ್ಲಿ ನೋವು ಶುರುವಾಗಿ ಅವಳ ತಾಯಿ ಶಂಕ್ರೆವ್ವ ವಿಜಯಪುರಕ್ಕೆ ಕರೆತಂದಾಗ ಬಾಯಿಗೆ ಬಂದದ್ದು ತಾನಿಟ್ಟ ಹೆಸರು, ಮಹಾನಂದಾ. ಓಡಿ ಬಂದ ಅಳಿಯ ಸಂಗು ಗಡಿಬಿಡಿಯಲ್ಲಿ ತನ್ನಪ್ಪನ ಫೋನ್ ನಂಬರ್ ಹೇಳಿದ. ತವರಿನವರು ಹೆಸರು ಕೊಟ್ಟರು, ಗಂಡನ ಮನೆಯವರು ನಂಬರ್ ಕೊಟ್ಟರು, ಯಂತ್ರ ಎರಡನ್ನೂ ಜೋಡಿಸಿತು.

ಮುಂದೆ ಅನುರಾಧಾಳ ಸಾಫ್ಟ್‌ವೇರು ತನ್ನ ಶಿಷ್ಟಾಚಾರ ಬಿಡಲಿಲ್ಲ. 'ಮಹಾನಂದಾ ಅವರೇ, ಸುಖ ಹೆರಿಗೆಗೆ ಅಭಿನಂದನೆಗಳು. ಎದೆಹಾಲು ಅಮೃತಕ್ಕೆ ಸಮಾನ' ಎಂದು ಅಮರಪ್ಪನ ಫೋನಿಗೆ ಸಂದೇಶ ಹಾಕಿತು. ಅಮರಪ್ಪ ಓದುವ ಚಾಳೀಸು ಮರೆತು ಬಂದಿದ್ದ, ಚಹಾದಂಗಡಿಯಲ್ಲಿ ಓದಿಸಿದ. ನಿಡೋಣಿ ಸಣ್ಣ ಊರಲ್ಲ, ಆದರೆ ಸಂಜೆಯೊಳಗೆ ಊರೆಲ್ಲ ಹರಡಿತು. "ಅಮರಪ್ಪಣ್ಣ, ಪೇಢೆ ಯಾವಾಗ?" ಎಂದು ದಾರಿಯಲ್ಲಿ ಹೋಗುವವರೂ ಕೇಳಿದರು. ಮಹಾನಂದವ್ವ ಮರುದಿನವೇ ಬಬಲೇಶ್ವರದ ಬಸ್ಸು ಹತ್ತಿದಳು.

"ಬಂದು ನಿಂತವ್ರ, ಆ ಮಹಾನಂದಾ ಅನ್ನೂ ಹೆಸರ ತಗದ ಬಿಡ್ರಿ, ನಮ್ಮ ಮನ್ಯಾಗ ಸೊಸಿಗೆ ಆ ಹೆಸರ ನಡಿಯಂಗಿಲ್ಲ ಅಂದ್ರು ಮೇಡಂ," ಎಂದ ಆಫ್ತಾಬ. "ನೋಡಿದ್ರ ಒಂದ ನಂಬರಿಗೆ ಎರಡ ಹೆಸರ ಇದ್ವು. ಸೌಭಾಗ್ಯ ಇಟ್ಟು ಇದನ್ನ ತಗದೆ. ಬಾಜೂಕ 'ತೆಗೆ' ಅಂತ ಬಟನ್ ಇತ್ತಲ್ರಿ."

"ಖಚಿತವೇ ಅಂತ ಕೇಳಲಿಲ್ಲೇನು ಅದು?"

"ಕೇಳ್ತರಿ. ಅವ್ವಾರು ಖಚಿತ ಹೇಳಿದ್ರಲ್ರಿ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗಿತ್ತು. ಕೊಯ್ಯುವ ಚಾಕು ಮಾತ್ರ ಅನುರಾಧಾ ಮಸೆದುಕೊಟ್ಟದ್ದು. ಹೆಸರು ಹೋಯಿತು, ಹೆಸರಿನ ಜೊತೆ ತಾಯಿ ಹೋದಳು, ತಾಯಿಯ ಬೆನ್ನಿಗೆ ಕೂಸೂ, ಕೂಸಿನ ರಕ್ತ ಲ್ಯಾಬಿಗೆ ಹೋದ ನೆನಪೂ. "ಅವರು ಇವತ್ತ ತಿಕೋಟಾಕ್ಕ ಹೋಗಿರತಾರ್ರಿ, ಅವ್ವಾರು ಅವತ್ತ ಹೇಳಿದ್ರು, ಬೀಗರ ಮನ್ಯಾಗ ಕೂಸಿನ್ನ ತೊಟ್ಟಲದಾಗ ಹಾಕೂದೈತಿ," ಎಂದೂ ಆಫ್ತಾಬ ಹೇಳಿದ.

ಅವಳು ಬ್ಯಾಗು ಹೆಗಲಿಗೇರಿಸಿದ್ದನ್ನು ಕಂಡು ಸತೀಶಕುಮಾರ ಎದ್ದು ನಿಂತ. "ಬಟನ್ ಒತ್ತಿದಾವ ಅವ, ತಪ್ಪ ಅವಂದು. ನೀ ಪ್ರೋಗ್ರಾಮರ್ ಅದಿ, ಆಶಾ ಕಾರ್ಯಕರ್ತೆ ಅಲ್ಲ. ದವಾಖಾನಿಯವ್ರು ಯಾರನ್ನರ ಕಳಸ್ತಾರ."

"ಅವರು ಯಾರನ್ನ ಕಳಸೂದು ಅಂತ ಮಾತಾಡೂದ್ರಾಗ ಮಧ್ಯಾಹ್ನ ಆಕ್ಕೈತ್ರಿ ಸರ್," ಎಂದು ಅವಳು ಮೆಟ್ಟಿಲಿಳಿದಳು.

ತಿಕೋಟಾದ ದಾರಿಯ ಎರಡೂ ಬದಿಗೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡುಗಳು. ಅನುರಾಧಾ ಯಾವುದನ್ನೂ ನೋಡಲಿಲ್ಲ. ಸ್ಕೂಟಿಯ ಮೇಲೆ ಅವಳಿಗೆ ಇದ್ದದ್ದು ಒಂದೇ ಚಿಂತೆ: ಇವರು ನನ್ನ ಮಾತು ನಂಬದಿದ್ದರೆ? ಬರೀ ಅಂಕಿಸಂಖ್ಯೆಯಾಗಿ ನೋಡಿ ರೂಢಿಯಾದ ಕೂಸೊಂದರ ಸಲುವಾಗಿ ಅವಳಿಗೆ ಮೊದಲ ಸಲ ಭಯವಾಯಿತು.

ಶಂಕ್ರೆವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಂಗಸರ ಹಾಡು ಓಣಿಯ ತುದಿಗೇ ಕೇಳುತ್ತಿತ್ತು. ಒಳಗೆ ಸೀರೆ ಸುತ್ತಿದ ತೊಟ್ಟಿಲು, ಕೊಬ್ಬರಿ ಬಟ್ಟಲು, ನೆನೆಸಿದ ಕಡಲೆ. ಹೆಸರಿಡಬೇಕಾದ ಸೋದರತ್ತೆ ಸೊಲ್ಲಾಪುರದ ಗಾಡಿಯಿಂದ ಇನ್ನೂ ಇಳಿದಿರಲಿಲ್ಲ. ಅವಳಿಗಾಗಿ ಎಲ್ಲರೂ ಕಾಯುತ್ತಿದ್ದರು. ಹಿರಿಯಳೊಬ್ಬಳು ತೊಟ್ಟಿಲು ಇಣುಕಿ, "ಎಷ್ಟ ಶಾಣ್ಯಾ ಕೂಸೈತಿ ನೋಡ್ರಿ, ಬಂದಾಗಿಂದ ಒಮ್ಮಿ ಅತ್ತಿಲ್ಲ," ಎಂದು ದೃಷ್ಟಿ ತೆಗೆಯುತ್ತಿದ್ದಳು.

ಅನುರಾಧಾ ಹೊಸ್ತಿಲಲ್ಲೇ ನಿಂತು, ಆಸ್ಪತ್ರೆಯಿಂದ ಬಂದಿದ್ದೇನೆ, ಕೂಸನ್ನು ಈಗಲೇ ಕರೆದೊಯ್ಯಬೇಕು ಎಂದಳು. ಹಾಡು ನಿಂತಿತು. ಗಂಡಸರ ಸಾಲಿನಿಂದ ಬಿಳಿ ರುಮಾಲಿನವನೊಬ್ಬ ಎದ್ದ.

"ಈ ದನಿ ನಾ ಕೇಳೇನಿ! ಓಟಿಪಿ ಯವ್ವ ಈಕಿ! ಮನಿ ಬಾಗಲಕ್ಕ ಬಂದಾಳ ನೋಡ್ರೋ!"

ಕೆಲವರು ನಕ್ಕರು, ಕೆಲವರು ಬಾಗಿಲ ಕಡೆ ಬಂದರು. ಬೆಳ್ಳಗೆ, ಎತ್ತರಕ್ಕಿದ್ದ ಮಹಾನಂದವ್ವ ಅವರನ್ನು ಸರಿಸಿ ಮುಂದೆ ಬಂದಳು. "ನೋಡವಾ, ನಮ್ಮ ಕೂಸಿಗೇನೂ ಆಗಿಲ್ಲ. ತೊಟ್ಟಲದಾಗ ಹಾಕಿದ ಕೂಸಿನ್ನ ಹೆಸರಿಡಲಾರ್ದ ಎತ್ತೂದಿಲ್ಲ ನಾವು. ನಾಳೆ ಬರತೇವಿ, ಹೋಗು."

ನಾಳೆ ಎಂಬುದು ಅಲ್ಲಿ ಎಷ್ಟು ಉದ್ದದ ಮಾತೆಂದು ಅನುರಾಧಾಳಿಗೆ ಗೊತ್ತಿತ್ತು. ನಾಳೆ ಮಂಗಳವಾರ, ಬಾಣಂತಿ ಹೊಸ್ತಿಲು ದಾಟುವುದಿಲ್ಲ, ನಾಡಿದ್ದು ಇನ್ನೇನೋ. ಅವಳು ಮಹಾನಂದವ್ವನನ್ನು ಬಿಟ್ಟು ಗೋಡೆಗೊರಗಿ ಕಿವಿಗೆ ಬಟ್ಟೆ ಕಟ್ಟಿ ಕೂತಿದ್ದ ಬಾಣಂತಿಯನ್ನು ನೋಡಿದಳು. "ಕೂಸು ಹಾಲ ಸರಿಯಾಗಿ ಕುಡಿತೈತೇನ್ರಿ?"

ಆ ಪ್ರಶ್ನೆಗೇ ಕಾದಿದ್ದವಳಂತೆ ಬಾಣಂತಿ ತಲೆಯೆತ್ತಿದಳು. "ಇಲ್ರಿ. ಬರೇ ಮಲಗೇ ಇರತೈತಿ. ಬಡದ ಎಬ್ಬಿಸಿದ್ರ ಎರಡ ಗುಟುಕ ಕುಡದು ಮತ್ತ ಮಲಗತೈತಿ. ನಾ ಹೇಳೇ ಹೇಳಾಕತ್ತೇನಿ, ಶಾಂತ ಕೂಸು, ಪುಣ್ಯಾ ಮಾಡಿ ಅಂತಾರ ಎಲ್ಲಾರೂ."

ಅನುರಾಧಾ ಆಗ ಮಹಾನಂದವ್ವನ ಕಡೆ ತಿರುಗಿದಳು. ಸುತ್ತಿ ಬಳಸಿ ಹೇಳುವ ಹೊತ್ತಲ್ಲ ಅದು. "ನೀವು ಬಬಲೇಶ್ವರದಾಗ ಹೆಸರ ತಗೀರಿ ಅಂದ್ರಿ, ಆ ಹುಡುಗ ತಗದಾ. ಅದು ಬರೇ ಹೆಸರಾಗಿರಲಿಲ್ರಿ, ಈಕಿನ ಆಗಿದ್ಲು. ತಾಯಿ ಹೆಸರ ಹೋತು, ಅದರ ಬೆನ್ನ ಹತ್ತಿ ಕೂಸೂ ಹೋತು. ಕಾಯಿಲೆ ಐತಿ ಅಂತ ರಿಪೋರ್ಟ್ ಬಂದ್ರ, ಇಂಥ ಕೂಸ ಇಲ್ಲ ಅಂತ ಕಂಪ್ಯೂಟರ್ ತಿರುಗಿ ಕಳಸೇತಿ. ಹಂಗ ಮಾಡು ಅಂತ ಅದಕ್ಕ ಬರದಾಕಿ ನಾನ. ಬೈಯ್ಯೂದಿದ್ರ ದವಾಖಾನ್ಯಾಗ ಬೈರಿ, ಈಗ ಕೂಸಿನ್ನ ಕೊಡ್ರಿ."

ಜಗಳಕ್ಕೆಂದು ಸೊಂಟಕ್ಕೆ ಹೋಗಿದ್ದ ಮಹಾನಂದವ್ವನ ಕೈ ಕೆಳಗಿಳಿಯಿತು. "ತಾಯಿ ಹೆಸರ ತಗದ್ರ ಕೂಸ ಹೋಗತೈತೇನ?" ಎಂದು ಯಾರನ್ನೂ ನೋಡದೆ ಕೇಳಿದಳು. ಅಷ್ಟರಲ್ಲಿ ಬಾಣಂತಿ ತಾನೇ ಎದ್ದು ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಿದ್ದಳು. ಯಾರೂ ತಡೆಯಲಿಲ್ಲ. ಸಂಗು ಗಾಡಿಯ ಕೀಲಿ ಹುಡುಕಲು ಓಡಿದ.

ಆಸ್ಪತ್ರೆಯಲ್ಲಿ ವಿದ್ಯಾಧೀಶರು ಬಾಗಿಲಲ್ಲೇ ಕಾಯುತ್ತಿದ್ದರು. ಕೂಸಿನ ನಾಲಿಗೆ, ಹೊಟ್ಟೆ, ಮೈಬಣ್ಣ ನೋಡಿದರು, ಮತ್ತೊಮ್ಮೆ ರಕ್ತ ತೆಗೆಸಿದರು, ಅದರ ಫಲಿತಾಂಶಕ್ಕೆ ಕಾಯದೆ ಗುಳಿಗೆಯ ಚೂರನ್ನು ಎದೆಹಾಲಿನಲ್ಲಿ ಅರೆಸಿ ಚಮಚೆಯಲ್ಲಿ ಕುಡಿಸಿದರು. "ಹೊತ್ತ ಮೀರಿಲ್ಲ," ಎಂದರು ಮನೆಯವರಿಗೆ. "ದಿನಾ ಇಷ್ಟ ಗುಳಿಗಿ, ತಪ್ಪಸಬಾರದು. ನಾಕ ದಿನ ಇಲ್ಲೇ ಇರ್ರಿ. ಇನ್ನೊಂದ ತಿಂಗಳು ತಿರುಗಾಡಸಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ." ಅನುರಾಧಾಳಿಗೆ ಸಮಾಧಾನವಾಯಿತು. ನಾಚಿಕೆಯೂ ಆಯಿತು, ಅದನ್ನು ಯಾರಿಗೂ ಹೇಳಲಿಲ್ಲ.

ಅವಳ ಕೆಲಸ ಮುಗಿದಿರಲಿಲ್ಲ. ಕೌಂಟರಿನಲ್ಲೇ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಕಿತ್ತು ಹಾಕಿದಳು. ಇನ್ನು ಕೂಸಿರುವ ತಾಯಿಯನ್ನು ಯಾರು ತೆಗೆಯಹೋದರೂ ಯಂತ್ರ ಒಪ್ಪುವುದಿಲ್ಲ. ವರದಿ ಹೊಲಸಾದರೆ ಆಗಲಿ. ಆಮೇಲೆ ಬ್ಯಾಕಪ್ಪಿನಿಂದ ಕೂಸನ್ನು ಅದೇ ಸಂಖ್ಯೆಯಲ್ಲಿ ವಾಪಸು ತಂದಳು. ತಂದ ಕೂಸಿಗೆ ತಾಯಿಯನ್ನು ತೋರಿಸಬೇಕು. ಯಂತ್ರದಲ್ಲಿ ಈಗ ಉಳಿದಿದ್ದವಳು ಸೌಭಾಗ್ಯ ಒಬ್ಬಳೇ. ಅವಳಿಗೆ ಜೋಡಿಸಿದರೂ ನಡೆಯುತ್ತದೆ, ತೆಗೆದ ಮಹಾನಂದಾಳನ್ನು ಮರಳಿ ತಂದರೂ ನಡೆಯುತ್ತದೆ. ಇದನ್ನು ತಾನೇ ತೀರ್ಮಾನಿಸುವ ಧೈರ್ಯ ಅವಳಿಗಿರಲಿಲ್ಲ.

ಕೂಸಿನ ಕೈಗೆ ಕಟ್ಟುವ ಪಟ್ಟಿ ಹಿಡಿದು ನರ್ಸ್ ಕಾಯುತ್ತಿದ್ದಳು. "ಕೂಸಿನ ಹೆಸರ?"

"ಇನ್ನ ಇಟ್ಟಿಲ್ರಿ," ಎಂದ ಸಂಗು.

"ಹಂಗಾರ ತಾಯಿ ಹೆಸರಿನ ಮ್ಯಾಲೆ ಬರಿಯೂದು, ಇಂಥಾಕಿ ಕೂಸು ಅಂತ. ತಾಯಿ ಹೆಸರ ಹೇಳ್ರಿ."

ಬಾಣಂತಿ ರೂಢಿಯಂತೆ ನೆಲ ನೋಡಿದಳು. ಶಂಕ್ರೆವ್ವ ಬೀಗರ ಮುಖ ನೋಡಿದಳು. ಮಗಳ ಸಂಸಾರ ಮಗಳ ಹೆಸರಿಗಿಂತ ದೊಡ್ಡದು. "ಸೌಭಾಗ್ಯ ಅಂತ ಬರೀರಿ," ಎಂದಳು ಮೆಲ್ಲಗೆ.

ಅನುರಾಧಾ ಕೀಬೋರ್ಡಿನ ಮೇಲೆ ಬೆರಳಿಟ್ಟಳು.

"ತಡಿಯವಾ," ಎಂದಳು ಮಹಾನಂದವ್ವ. ಮುಂದೆ ಬಂದು ಕೌಂಟರಿನ ಅಂಚು ಹಿಡಿದುಕೊಂಡಳು. "ಹಡದಾಗ ಯಾ ಹೆಸರಿತ್ತು, ಅದನ್ನ ಬರಿ. ಮಹಾನಂದಾ."

ಅಮರಪ್ಪ ಗಂಟಲು ಸರಿಮಾಡಿಕೊಂಡ. "ಮತ್ತ ಮನ್ಯಾಗ..."

"ಮನ್ಯಾಗ ಇಬ್ಬರದೇವಿ ಅಂದ್ರಾತು. ಊರ ನಗತೈತಿ, ನಗಲಿ."

ಅನುರಾಧಾ ಬರೆದಳು. ಪಟ್ಟಿ ಅಚ್ಚಾಗಿ ಬಂತು: ಮಹಾನಂದಾ ಅವರ ಕೂಸು. ನರ್ಸ್ ಅದನ್ನು ಹಿಡಿದು ಬಾಗಿದಾಗ ಕೂಸು ಬಟ್ಟೆಯೊಳಗೆ ಕೈ ಮಡಚಿಕೊಂಡು ಮಲಗಿತ್ತು.

"ಮಹಾನಂದಾ, ಕೂಸಿನ ಕೈ ಹೊರಗ ತಗಿಬೇ," ಎಂದಳು ಮಹಾನಂದವ್ವ.

ಸೊಸೆ ತಲೆಯೆತ್ತಲಿಲ್ಲ. ಅತ್ತೆಯ ಬಾಯಲ್ಲಿ ಎಂದೂ ಕೇಳದ ಹೆಸರದು. ತನ್ನನ್ನೇ ಕರೆಯುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಮಹಾನಂದವ್ವ ಅವಳ ಹೆಗಲು ಮುಟ್ಟಿ ಇನ್ನೊಮ್ಮೆ ಕರೆದಳು.